ಅಮ್ಮನ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ! ಯಾಕೆ ಹೀಗೆ?

ಪ್ರಶ್ನೆ: ಅಮ್ಮನ ಅಣ್ಣತಮ್ಮಂದಿರನ್ನು ಮಾವ ಅಂತೀವಿ. ಅತ್ತೆಯ ಗಂಡನೂ ಮಾವ. ಮದುವೆ ಆದಮೇಲೆ ಹೆಂಡತಿಯ ಅಪ್ಪನೂ ಮಾವ. ಇವರಿಗೆಲ್ಲ ಕನ್ನಡದಲ್ಲಿ ಬೇರೆ ಬೇರೆ ಪದ ಯಾಕಿಲ್ಲ?

ಉತ್ತರ: ಪದಗಳಿಗೆ ಬರ ಬಂದು ಹೀಗಾದದ್ದಲ್ಲ. ಹೆಂಡತಿಯ ಅಕ್ಕತಂಗಿಯರ ಗಂಡನಿಗೇ ಷಡ್ಡಕ ಅಂತ ಒಂದು ಪದ ಇಟ್ಟುಕೊಂಡ ಭಾಷೆ ನಮ್ಮದು. ಗಂಡನ ಅಣ್ಣತಮ್ಮಂದಿರ ಹೆಂಡತಿಗೆ ಓರಗಿತ್ತಿ ಅಂತ ಇನ್ನೊಂದು. ಇಷ್ಟು ಬಿಡಿಸಿ ನೋಡುವ ಜನ ಮಾವನ ವಿಷಯದಲ್ಲಿ ಮಾತ್ರ ಸೋಮಾರಿಗಳಾದರು ಅಂದರೆ ನಂಬೋದು ಕಷ್ಟ, ಅಲ್ವಾ?

ಗುಟ್ಟು ಇರುವುದು ಮದುವೆಯ ಲೆಕ್ಕದಲ್ಲಿ. ಅಪ್ಪನ ಅಣ್ಣತಮ್ಮಂದಿರು ದೊಡ್ಡಪ್ಪ, ಚಿಕ್ಕಪ್ಪ. ಅಮ್ಮನ ಅಕ್ಕತಂಗಿಯರು ದೊಡ್ಡಮ್ಮ, ಚಿಕ್ಕಮ್ಮ. ಹೆಸರಲ್ಲೇ ಅಪ್ಪ, ಅಮ್ಮ ಕೂತಿದ್ದಾರೆ. ಹಾಗಾಗಿ ಅವರ ಮಕ್ಕಳೆಲ್ಲ ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ಅಲ್ಲಿ ಮದುವೆಯ ಮಾತೇ ಬರುವುದಿಲ್ಲ. ಅಮ್ಮನ ತಮ್ಮ, ಅಪ್ಪನ ತಂಗಿ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಅವರು ಮಾವ, ಅತ್ತೆ. ಅವರ ಮಕ್ಕಳ ಜೊತೆ ಸಂಬಂಧ ಬೆಳೆಸಬಹುದು ಅನ್ನುವುದು ದಕ್ಷಿಣದ ಹಲವು ಸಮುದಾಯಗಳಲ್ಲಿ ಹಿಂದಿನಿಂದ ಬಂದ ರೂಢಿ. ಸೋದರಮಾವನ ಮಗಳನ್ನು ತಂದುಕೊಂಡರೆ ಅವನೇ ಹೆಣ್ಣು ಕೊಟ್ಟ ಮಾವ. ಅತ್ತೆಯ ಮಗಳನ್ನು ತಂದರೆ ಅತ್ತೆಯ ಗಂಡ ಹೆಣ್ಣು ಕೊಟ್ಟ ಮಾವ. ಚಿಕ್ಕಂದಿನಿಂದ ಕರೆದ ಹೆಸರನ್ನು ಧಾರೆ ಎರೆದ ಮೇಲೆ ಬದಲಾಯಿಸುವ ಅಗತ್ಯವೇ ಇಲ್ಲ. ಅಂದರೆ ಮಾವ ಅನ್ನುವುದು ಮೂರು ಸಂಬಂಧಗಳ ಹೆಸರಲ್ಲ. ಯಾರ ಮನೆಯ ಹೆಣ್ಣನ್ನು ತರಬಹುದೋ ಆ ಜಾಗದ ಹೆಸರು.

ಎದುರು ಕಡೆಯಿಂದ ನೋಡಿದರೂ ಲೆಕ್ಕ ತಪ್ಪುವುದಿಲ್ಲ. ಗಂಡಸಿಗೆ ಅಕ್ಕತಂಗಿಯರ ಮಗ ಅಳಿಯ, ಮಗಳ ಗಂಡನೂ ಅಳಿಯ. ಅಕ್ಕತಂಗಿಯರ ಮಗಳು ಸೊಸೆ, ಮಗನ ಹೆಂಡತಿಯೂ ಸೊಸೆ. ‘ಅಳಿಯ ಅಲ್ಲ, ಮಗಳ ಗಂಡ’ ಅಂತ ಗಾದೆಯೇನೋ ಗೇಲಿ ಮಾಡುತ್ತದೆ. ಆದರೆ ಅಳಿಯನಾಗಿಯೂ ಮಗಳ ಗಂಡ ಆಗದೆ ಉಳಿದವರು ಊರು ತುಂಬ ಇದ್ದಾರೆ!

ಮಹಾಭಾರತದಲ್ಲೇ ಒಂದು ಉದಾಹರಣೆ ಇದೆ. ಕುಂತಿ ವಸುದೇವನ ಒಡಹುಟ್ಟಿದವಳು. ಹಾಗಾಗಿ ವಸುದೇವ ಅರ್ಜುನನಿಗೆ ಸೋದರಮಾವ. ಅರ್ಜುನ ವಸುದೇವನ ಮಗಳು ಸುಭದ್ರೆಯನ್ನು ಮದುವೆಯಾದ. ಸೋದರಮಾವನೇ ಹೆಣ್ಣು ಕೊಟ್ಟ ಮಾವನೂ ಆದ. ಕೃಷ್ಣನೂ ಅರ್ಜುನನೂ ಮೊದಲೇ ಭಾವಮೈದುನರು, ಮದುವೆಯಿಂದ ಮತ್ತೊಮ್ಮೆ ಭಾವಮೈದುನರು. ಈ ನಂಟಿನಲ್ಲಿ ತಮಾಷೆ, ಕೀಟಲೆಗೆ ಸಲುಗೆ ಇರುತ್ತದೆ. ಕುಮಾರವ್ಯಾಸ ಇದನ್ನು ಎಷ್ಟು ಚೆನ್ನಾಗಿ ಬಳಸಿಕೊಂಡಿದ್ದಾನೆ ನೋಡಿ. ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುವಾಗ ‘ಮೈದುನತನದ ಸರಸ’ ಮಾಡುತ್ತಾನೆ. ತಾನು ಕುಂತಿಯ ಮಗ ಅಂತ ಕರ್ಣನಿಗೆ ಇನ್ನೂ ಗೊತ್ತಿಲ್ಲ. ಕೃಷ್ಣ ಬಾಯಿ ಬಿಡುವ ಮೊದಲೇ ಆ ಒಂದು ಪದ ಎಲ್ಲ ಹೇಳಿಬಿಟ್ಟಿದೆ. ನನಗಂತೂ ಇಡೀ ಪ್ರಸಂಗದಲ್ಲಿ ಇದಕ್ಕಿಂತ ಇಷ್ಟವಾದ ಜಾಗ ಇಲ್ಲ.

ಹಿಂದಿಯಲ್ಲಿ ಮಾಮಾ, ಫೂಫಾ, ಸಸುರ್ ಅಂತ ಮೂರೂ ಬೇರೆ. ಅಲ್ಲಿನ ಹಿಂದೂ ಕುಟುಂಬಗಳಲ್ಲಿ ಸಾಮಾನ್ಯವಾಗಿ ಮಾಮಾನ ಮಗಳು ತಂಗಿಯೇ, ಆದ್ದರಿಂದ ಮಾಮಾ ಎಂದೂ ಸಸುರ್ ಆಗುವುದಿಲ್ಲ. ತಮಿಳು, ತೆಲುಗಿನಲ್ಲೂ ಸಂಬಂಧಗಳ ಲೆಕ್ಕ ನಮ್ಮ ಹಾಗೇ ಇದೆ. ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ 1871ರಷ್ಟು ಹಿಂದೆಯೇ ಇದನ್ನು ಪಟ್ಟಿ ಮಾಡಿ ತೋರಿಸಿದ್ದ. ಕಾನೂನಿನ ಮಾತು ಬಂದರೆ, 1955ರ ಹಿಂದೂ ವಿವಾಹ ಕಾಯ್ದೆ ಅಣ್ಣತಂಗಿಯರ ಮಕ್ಕಳ ನಡುವಿನ ಮದುವೆಯನ್ನು ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಇಟ್ಟಿದೆ. ಆದರೆ ಎರಡೂ ಕಡೆಯವರ ರೂಢಿ ಒಪ್ಪುವುದಾದರೆ ನಡೆಯುತ್ತದೆ ಅಂತಲೂ ಹೇಳಿದೆ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಹುಟ್ಟುವ ಮಕ್ಕಳಿಗೆ ಕೆಲವು ಆನುವಂಶಿಕ ಕಾಯಿಲೆಗಳ ಅಪಾಯ ಜಾಸ್ತಿ. ಹಾಗಾಗಿ ಈಗ ಬಹಳ ಮನೆಗಳಲ್ಲಿ ಇಂಥ ಸಂಬಂಧ ಬೇಡ ಅಂತಾರೆ. ರೂಢಿ ಬಿಟ್ಟವರೂ ಪದವನ್ನು ಮಾತ್ರ ಬಿಟ್ಟಿಲ್ಲ.

ಹಾಗಾದರೆ ಗೊಂದಲ ಆಗಲ್ವಾ? ದಿನದ ಮಾತಿನಲ್ಲಿ ಅಷ್ಟೇನೂ ಆಗುವುದಿಲ್ಲ. ‘ನಮ್ಮ ಮಾವನವರು’ ಅಂದರೆ ಗಂಡನ ಅಥವಾ ಹೆಂಡತಿಯ ಅಪ್ಪ ಅಂತ ಕೇಳಿದವರಿಗೆ ಹೊಳೆಯುತ್ತದೆ. ‘ನಮ್ಮ ಮಾವ ಬಂದಿದ್ದ’ ಅಂತ ಏಕವಚನದಲ್ಲಿ ಅಂದರೆ ಹೆಚ್ಚಾಗಿ ಅಮ್ಮನ ತಮ್ಮನೇ. ಉತ್ತರ ಕರ್ನಾಟಕದ ಹಲವು ಕಡೆ ಅವನು ಮಾಮಾ, ಹೆಣ್ಣು ಕೊಟ್ಟವರು ಮಾವ. ಲಗ್ನಪತ್ರಿಕೆಯಂಥ ಕಡೆ ಖಚಿತವಾಗಿ ಬೇಕಾದರೆ ಸೋದರಮಾವ ಅಂತಲೇ ಬರೆಯಿರಿ. ಅತ್ತೆಯ ಗಂಡನಿಗೆ ಮಾತ್ರ ಅಂಥ ಪ್ರತ್ಯೇಕ ಹೆಸರಿಲ್ಲ. ಅವರಿಗೆ ಊರಿನ ಹೆಸರೇ ಗತಿ: ಹಾಸನದ ಮಾವ, ತುಮಕೂರಿನ ಮಾವ.