ಕೀಮೋ ನಡೆಯುವಾಗ ಮೊಟ್ಟೆ ನಂಜಾ?

ಪ್ರಶ್ನೆ: ನಮ್ಮ ಮಾವನವರಿಗೆ ಬಾಯಿ ಕ್ಯಾನ್ಸರ್. ಕರೆಂಟ್ (ರೇಡಿಯೇಶನ್) ಜೊತೆಗೆ ವಾರಕ್ಕೊಂದು ಕೀಮೋ ನಡೀತಿದೆ. ಬಾಯೆಲ್ಲ ಹುಣ್ಣು. ಆಸ್ಪತ್ರೆಯಲ್ಲಿ ಮೊಟ್ಟೆ ಕೊಡಿ ಅಂತಾರೆ, ಮನೆಯಲ್ಲಿ ನಂಜು, ಬೇಡ ಅಂತಾರೆ. ಏನು ಮಾಡೋದು?

ಉತ್ತರ: ಕೊಡಿ. ಪೂರ್ತಿ ಬೇಯಿಸಿ, ಮೆತ್ತಗೆ ಹಿಸುಕಿ ಕೊಡಿ. ಹಾಸನದಲ್ಲಿ ಕೂತು ಈ ಮಾತನ್ನ ಎಷ್ಟು ಸಲ ಹೇಳಿದೀನೋ, ಲೆಕ್ಕ ಇಡೋದು ಬಿಟ್ಟು ಕಾಲವಾಯ್ತು.

ಮೊದಲು ಈ ನಂಜಿನ ಪಟ್ಟಿ ನೋಡಿ. ಅರಸೀಕೆರೆ ಕಡೆಯಿಂದ ಬಂದವರು ಬದನೆಕಾಯಿ, ಮೊಟ್ಟೆ ಅಂದರು. ಸಕಲೇಶಪುರದವರು ಮೀನು, ಹಂದಿ ಸೇರಿಸಿದರು. ಮೂಡಿಗೆರೆಯ ಒಬ್ಬರು ಹಾಲನ್ನೂ ಬಿಡಿಸಿದ್ದರು. ತಾಲ್ಲೂಕು ದಾಟಿದರೆ ಬದಲಾಗೋದು ಅದೆಂಥ ನಂಜು? ಬದನೆಕಾಯಿ ತಿಂದರೆ ಕೆಲವರಿಗೆ ತುರಿಕೆ ಏಳೋದು ನಿಜ. ಅದು ಅವರ ಮೈಗೆ ಒಗ್ಗಲ್ಲ, ಅಷ್ಟೇ.

"ನಾವೇ ಕಣ್ಣಾರೆ ನೋಡಿದೀವಿ ಮೇಡಂ" ಅನ್ನೋರಿಗೆ ನಾನು ಕ್ಯಾಲೆಂಡರ್ ತೋರಿಸ್ತೀನಿ. ಚನ್ನರಾಯಪಟ್ಟಣದ ಕಡೆಯ ಸೊಸೆಯೊಬ್ಬರು ಹೇಳಿದ್ದು: ಸೋಮವಾರ ಕೀಮೋ ಆಯ್ತು, ಚೆನ್ನಾಗೇ ಇದ್ರು, ಬುಧವಾರ ಮೊಟ್ಟೆ ಕೊಟ್ವಿ, ರಾತ್ರಿಯೆಲ್ಲ ವಾಂತಿ. ಸಿಸ್ಪ್ಲಾಟಿನ್ ಅನ್ನೋ ಕೀಮೋ ಔಷಧಿಯ ಗುಣವೇ ಅದು. ಒಂದು ವಾಂತಿ ಆವತ್ತೇ, ಇನ್ನೊಂದು ತಡವಾಗಿ, ಎರಡು-ಮೂರನೇ ದಿನಕ್ಕೆ ಜೋರಾಗಿ. ಆ ಬುಧವಾರ ತಿಳಿಸಾರು ಅನ್ನ ಕೊಟ್ಟಿದ್ರೂ ವಾಂತಿ ಆಗ್ತಿತ್ತು. ತಿಳಿಸಾರಿಗೆ ಮಾತ್ರ ಯಾರೂ ನಂಜು ಅಂತ ಹೆಸರಿಡಲ್ಲ! ಕೆದಕಿ ಕೇಳಿದ ಮೇಲೆ ಗೊತ್ತಾಗಿದ್ದು, ಮೂರು ದಿನಕ್ಕೆ ಬರೆದುಕೊಟ್ಟ ವಾಂತಿ ಮಾತ್ರೆಯನ್ನ "ಚೆನ್ನಾಗಿದಾರಲ್ಲ" ಅಂತ ಒಂದೇ ದಿನಕ್ಕೆ ನಿಲ್ಲಿಸಿದ್ದರು.

ಹುಣ್ಣಿನ ಕಥೆಯೂ ಇದೇ. ಬಾಯೊಳಗಿನ ತೆಳು ಪೊರೆ ಒಂದೆರಡು ವಾರಕ್ಕೊಮ್ಮೆ ಹೊಸದಾಗ್ತಾ ಇರುತ್ತೆ. ಹಾಗೆ ಬೇಗ ಬೇಗ ಹುಟ್ಟೋ ಜೀವಕೋಶಗಳ ಮೇಲೇ ಕೀಮೋ, ಕರೆಂಟ್ ಎರಡರ ಏಟೂ ಬೀಳೋದು. ಎರಡನೇ ವಾರ, ಮೂರನೇ ವಾರಕ್ಕೆ ಹುಣ್ಣು ಏಳುತ್ತೆ. ಆವತ್ತು ಒಲೆ ಮೇಲೆ ಏನಿತ್ತೋ ಅಪವಾದ ಅದಕ್ಕೆ.

ಈಗ ಲೆಕ್ಕ. ಚಿಕಿತ್ಸೆಯಲ್ಲಿರೋರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕೆಜಿ ಇದ್ದರೆ ಕಡಿಮೆ ಅಂದ್ರೂ 60 ಗ್ರಾಂ. ಒಂದು ಮೊಟ್ಟೆಯಲ್ಲಿ 6, ಅರ್ಧ ಲೀಟರ್ ಹಾಲಲ್ಲಿ ಸುಮಾರು 16. ನೀವು ಪಥ್ಯ ಅಂತ ಕೊಡೋ ನೀರುಗಂಜಿ ಲೋಟದಲ್ಲಿ 2 ಇದ್ದರೆ ಹೆಚ್ಚು. (ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನ ಕೇಳಿ ಈ ಲೆಕ್ಕ ಹಾಕಿ.) ತೂಕ ಇಳಿದರೆ ಕರೆಂಟ್ ಕೊಡೋಕೆ ಮುಖದ ಅಳತೆಗೆ ಮಾಡಿದ ಮಾಸ್ಕ್ ಸಡಿಲ ಆಗುತ್ತೆ, ಮತ್ತೆ ಮಾಡಬೇಕಾಗಬಹುದು. ಮೈಯಲ್ಲಿ ನೀರು ಕಡಿಮೆಯಾದರೆ ಸಿಸ್ಪ್ಲಾಟಿನ್ ಕಿಡ್ನಿಗೆ ಹೊಡೆಯುತ್ತೆ, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳೋ ಅಂಶ) ಏರಿದರೆ ಆ ವಾರದ ಕೀಮೋ ಮುಂದಕ್ಕೆ ಹೋಗುತ್ತೆ.

ಬಿಡಬೇಕಾದ್ದೂ ಇದೆ. ಖಾರ, ಹುಣಸೆ, ನಿಂಬೆ ಬೇಡ, ಹುಣ್ಣಿಗೆ ಉರಿಯುತ್ತೆ. ಬಿಳಿ ರಕ್ತಕಣ ಕುಸಿದಿರೋದ್ರಿಂದ ಕಾಯಿಸದ ಹಾಲು, ಅರೆಬೆಂದ ಮೊಟ್ಟೆ ಬೇಡ. ಮುದ್ದೆ ಇಲ್ಲದ್ದು ಊಟವೇ ಅಲ್ಲ ಅನ್ನೋ ಊರು ನಮ್ಮದು, ಗೊತ್ತು. ಆದರೆ ಊದಿದ ಗಂಟಲಲ್ಲಿ ಮುದ್ದೆ ಸಿಕ್ಕಿಕೊಳ್ಳುತ್ತೆ. ಅದೇ ಹಿಟ್ಟನ್ನ ಹಾಲಲ್ಲಿ ತೆಳ್ಳಗೆ ಕಾಯಿಸಿ, ಆರಿಸಿ ಕೊಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಉಪ್ಪು, ಅಡುಗೆ ಸೋಡಾ ಒಂದೊಂದು ಟೀ ಚಮಚ ಹಾಕಿಟ್ಟು, ಊಟಕ್ಕೆ ಮುಂಚೆ, ಆಮೇಲೆ ಬಾಯಿ ಮುಕ್ಕಳಿಸಲಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡ್ತೀನಿ. ಮೂಗಿಗೆ ಪೈಪ್ ಹಾಕ್ತೀವಿ ಅಂದ ತಕ್ಷಣ "ಕೊನೆ ಬಂತಾ" ಅಂತ ಅಳೋಕೆ ಶುರು ಮಾಡಬೇಡಿ. ರೈಲ್ಸ್ ಟ್ಯೂಬ್ ಹಾಕೋದು ಗಂಟಲು ವಾಸಿಯಾಗೋ ತನಕ ಹೊಟ್ಟೆ ಖಾಲಿ ಇರಬಾರದು ಅಂತ. ಪೈಪ್ ಇದ್ರೂ ಡಾಕ್ಟರ್ ಒಪ್ಪಿದರೆ ಗುಟುಕು ಗುಟುಕು ನೀರು ನುಂಗಿಸ್ತಿರಿ, ಇಲ್ಲದಿದ್ರೆ ನುಂಗೋ ಸ್ನಾಯುಗಳಿಗೆ ಅಭ್ಯಾಸ ತಪ್ಪುತ್ತೆ. ಪೈಪಲ್ಲಿ ಊಟವನ್ನ ಕೂರಿಸಿಯೇ ಹಾಕಿ, ಹಾಕಿದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ರಾಗಿ ಅಂಬಲಿಯನ್ನ ಟೀ ಸೋಸೋ ಜಾಲರಿಯಲ್ಲಲ್ಲ, ತೆಳು ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿ. ಹೊಟ್ಟು ಪೈಪಲ್ಲಿ ಕಟ್ಟಿಕೊಂಡರೆ ರಾತ್ರಿ ಹನ್ನೊಂದಕ್ಕೆ ಫೋನ್ ಬರೋದು ನನಗೇ.