ಬಿರುಕಿಗೆ ಸಿಮೆಂಟ್ ಮೆತ್ತಿದರೂ ಮತ್ತೆ ಬಿರಿಯುವುದೇಕೆ?

ಪ್ರಶ್ನೆ: ಗೋಡೆಯ ಬಿರುಕಿಗೆ ಸಿಮೆಂಟ್ ತುಂಬಿಸಿ ಬಣ್ಣ ಹೊಡೆಸಿದ್ದೆವು. ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಬಿರುಕು ಕಾಣಿಸಿದೆ. ಈ ಸಲ ಸಿಮೆಂಟ್ ಹೆಚ್ಚು ಹಾಕಿಸಬೇಕೇ?

ಉತ್ತರ: ಬೇಡ. ಋತು ಬದಲಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ. ಬಿರುಕು ಮರಳಿ ಬಂದದ್ದು ಸಿಮೆಂಟ್ ಸಾಲದೆ ಅಲ್ಲ. ಗೋಡೆಯನ್ನು ಬಿರಿಸಿದ ಚಲನೆ ಇನ್ನೂ ನಿಂತಿಲ್ಲದ ಕಾರಣ.

ಸಿಮೆಂಟ್ ಹೆಚ್ಚಿದಷ್ಟೂ ಗೋಡೆ ಭದ್ರ ಎಂಬ ನಂಬಿಕೆಯನ್ನು ಎಷ್ಟು ಹೇಳಿದರೂ ಜನ ಬಿಡುವುದಿಲ್ಲ. ಸಿಮೆಂಟ್ ಹೆಚ್ಚಾದ ಗಾರೆ ಗಟ್ಟಿಯಾಗುತ್ತದೆ, ನಿಜ. ಆದರೆ ಅದೇ ಗಾರೆ ಒಣಗುವಾಗ ಹೆಚ್ಚು ಕುಗ್ಗುತ್ತದೆ, ಕುಗ್ಗುವಾಗ ಬಿರುಕಿನ ಎರಡೂ ಅಂಚುಗಳಿಂದ ಬಿಟ್ಟುಕೊಳ್ಳುತ್ತದೆ. ಕೂದಲೆಳೆಯ ಬಿರುಕಿನ ಅಗಲ ಸುಮಾರು 0.1 ಮಿಲಿಮೀಟರ್, ಅಂದರೆ 100 ಮೈಕ್ರಾನ್. ಸಿಮೆಂಟಿನ ದೊಡ್ಡ ಕಣಗಳೇ 90 ಮೈಕ್ರಾನಿನ ಆಸುಪಾಸಿನಲ್ಲಿರುವಾಗ, ಮೇಸ್ತ್ರಿ ಕರಣೆಯಿಂದ ಎಷ್ಟೇ ಒತ್ತಿದರೂ ಆ ಮುದ್ದೆ ಒಳಗಿಳಿಯದೆ ಮೇಲ್ಮೈಯಲ್ಲೇ ತೆಳುವಾಗಿ ಕೂರುತ್ತದೆ. ಇನ್ನು ಗೋಡೆಯ ಮೇಲ್ತುದಿಯಲ್ಲಿ, ಚಾವಣಿಯ ಕೆಳಗೆ ಅಡ್ಡಲಾಗಿ ಓಡುವ ಬಿರುಕನ್ನು ನೋಡಿ: 10 ಮೀಟರ್ ಉದ್ದದ ಕಾಂಕ್ರೀಟ್ ಚಾವಣಿಯ ತಾಪಮಾನ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ, ಅದರಡಿಯ ಇಟ್ಟಿಗೆ ಗೋಡೆ ಅಷ್ಟು ಹಿಗ್ಗುವುದಿಲ್ಲ. ಇವೆರಡರ ಎಳೆದಾಟವನ್ನು ಬೆರಳಷ್ಟು ಸಿಮೆಂಟ್ ಹಿಡಿದು ನಿಲ್ಲಿಸುತ್ತದೆಂದು ನಂಬುವುದಾದರೂ ಹೇಗೆ? ತೀರಾ ಗಟ್ಟಿಯಾಗಿ ತುಂಬಿದರೆ ಬಿರುಕು ಪಕ್ಕಕ್ಕೆ ಸರಿದು ಹೊಸದಾಗಿ ಬಾಯಿಬಿಡುತ್ತದೆ. ಆಗ ಮನೆಯವರು ಸಿಮೆಂಟಿನ ಬ್ರಾಂಡನ್ನು ದೂರುತ್ತಾರೆ.

ಆದ್ದರಿಂದ ತುಂಬುವ ಮೊದಲು ಬಿರುಕನ್ನು ಓದಬೇಕು. ಒಣಗಿದ ಕೆರೆಯಂಗಳದಂತೆ ಜಾಲಜಾಲವಾಗಿ ಹರಡಿದ್ದರೆ ಅದು ಗಾರೆ ಬೇಗ ಒಣಗಿದ್ದರ, ಸರಿಯಾಗಿ ಕ್ಯೂರಿಂಗ್ (ನೀರುಣಿಸಿ ಹಸಿಯಾಗಿಡುವುದು) ಮಾಡದಿದ್ದರ ಗುರುತು; ನೋಡಲು ಅಸಹ್ಯವಷ್ಟೆ, ಅಪಾಯವಿಲ್ಲ. ಪಿಲ್ಲರ್ ಮತ್ತು ಗೋಡೆ ಕೂಡುವಲ್ಲಿ ನೆಟ್ಟಗೆ ಇಳಿದಿದ್ದರೆ ಎರಡು ಬೇರೆ ವಸ್ತುಗಳು ಬೇರೆಬೇರೆಯಾಗಿ ಹಿಗ್ಗಿ ಕುಗ್ಗುತ್ತಿವೆ ಎಂದರ್ಥ; ಅಲ್ಲಿ ಗಾರೆ ಕಿತ್ತು ಜಾಲರಿ ಕೂರಿಸಿ ಮತ್ತೆ ಗಾರೆ ಮಾಡಬೇಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಅಥವಾ ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲಿನಂತೆ ಏರಿ, ಒಂದು ತುದಿಯಲ್ಲಿ ಹೆಚ್ಚು ಅಗಲವಾಗಿದ್ದರೆ ಪಾಯದ ಒಂದು ಭಾಗ ಕುಸಿಯುತ್ತಿರಬಹುದು. ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುವ ಜೇಡಿಮಣ್ಣಿನ ಮೇಲಿನ ಮನೆಗಳಲ್ಲಿ ಇದು ಸಾಮಾನ್ಯ. ಪಿಲ್ಲರ್ ಅಥವಾ ಬೀಮಿನ ಉದ್ದಕ್ಕೂ ಬಿರುಕು ಬಿಟ್ಟು ಕಂದು ಕಲೆ ಕಂಡರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸೀಳುತ್ತಿದೆ. ಈ ಕೊನೆಯ ಎರಡು ಬಗೆಗಳಿಗೆ ಮತ್ತು 5 ಮಿಲಿಮೀಟರಿಗಿಂತ ಅಗಲವಾದ ಯಾವುದೇ ಬಿರುಕಿಗೆ ಕರೆಯಬೇಕಾದವರು ಸ್ಟ್ರಕ್ಚರಲ್ ಎಂಜಿನಿಯರ್, ಬಣ್ಣದವರಲ್ಲ.

ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಎರಡೂ ತುದಿಗಳಲ್ಲಿ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲೇ ದಿನಾಂಕ ಬರೆಯಿರಿ, ಅಗಲವನ್ನೂ ಗುರುತಿಸಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಅದು ಗೆರೆ ದಾಟದೆ, ಅಗಲವೂ ಹೆಚ್ಚದೆ ಉಳಿದಿದ್ದರೆ ‘ವಿ’ ಆಕಾರದಲ್ಲಿ ಕೊರೆದು, ದೂಳು ತೆಗೆದು, ಅಕ್ರಿಲಿಕ್ ಕ್ರ್ಯಾಕ್ ಫಿಲ್ಲರ್ ತುಂಬಿಸಿ. ಬಿಸಿಲು-ಚಳಿಗೆ ಹಿಗ್ಗಿ ಕುಗ್ಗುತ್ತಲೇ ಇರುವ ಬಿರುಕಿಗೆ ಎಳೆದರೆ ಹಿಗ್ಗುವ ಸೀಲೆಂಟ್ ಬೇಕು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಸ್ವಿಚ್ ಬೋರ್ಡಿನಿಂದ ಚಾವಣಿಯವರೆಗೆ ಅಡಿಗೋಲಿಟ್ಟು ಎಳೆದಂತೆ ನೇರವಾಗಿರುವ ಬಿರುಕಿಗೆ ಪಾಯವನ್ನು ಅನುಮಾನಿಸಬೇಕಿಲ್ಲ. ಅದು ವೈರಿಂಗ್ ಪೈಪಿಗಾಗಿ ಗೋಡೆ ಕೊರೆದು ಅರೆಬರೆ ಮುಚ್ಚಿದ ಜಾಗ. ನೆಟ್ಟಗೆ ಕೊರೆಯುವಾಗ ಗೋಡೆಯ ದಪ್ಪದ ಮೂರನೇ ಒಂದು ಭಾಗವನ್ನು, ಅಡ್ಡಡ್ಡ ಕೊರೆಯುವಾಗ ಆರನೇ ಒಂದು ಭಾಗವನ್ನು ಮೀರಬಾರದು. ಅಡ್ಡ ಕೊರೆತ ಭಾರ ಹೊರುವ ಗೋಡೆಯನ್ನೇ ತೆಳುವಾಗಿಸುವುದರಿಂದ, ಎಲೆಕ್ಟ್ರಿಷಿಯನ್ ಯಂತ್ರ ಹಿಡಿಯುವ ಮೊದಲೇ ಪೈಪಿನ ದಾರಿಯನ್ನು ಸೀಮೆಸುಣ್ಣದಲ್ಲಿ ಗುರುತಿಸಿಕೊಡಲು ಕೇಳಿ.