“ಪಠ್ಯ ಮಾತ್ರ ಕೊಡಿಸಿ, ಚಿತ್ರ ನಾವೇ ಬರೆಸ್ತೀವಿ”

ಪೋರ್ಚುಗೀಸ್ ಭಾಷೆಯ ಮಕ್ಕಳ ಪುಸ್ತಕಗಳ ಅನುವಾದದ ಹಕ್ಕನ್ನು ನಮ್ಮ ಕಡೆಯ ಪ್ರಕಾಶಕರಿಗೆ ಕೊಡಿಸುವುದು ನನ್ನ ಕಸುಬು. ಪೋರ್ಚುಗಲ್‌ದೋ ಬ್ರೆಜಿಲ್‌ದೋ ಒಂದು ಚಿತ್ರಪುಸ್ತಕ ಮೇಜಿನ ಮೇಲೆ ಇಟ್ಟರೆ ಸಾಕು, ನಾಲ್ಕು ಪುಟ ತಿರುವಿ, ಮೆಚ್ಚಿ, ಆಮೇಲೆ ಈ ಮಾತು ಬಂದೇ ಬರುತ್ತದೆ: “ಮೇಡಂ, ಪುಸ್ತಕ ತುಂಬಾ ಚೆನ್ನಾಗಿದೆ. ಪಠ್ಯದ ಹಕ್ಕು ಮಾತ್ರ ಕೊಡಿಸಿ, ಚಿತ್ರ ನಮ್ಮ ಕಲಾವಿದರ ಹತ್ತಿರವೇ ಬರೆಸ್ತೀವಿ.”

ಕಾರಣಗಳನ್ನೂ ಹೇಳುತ್ತಾರೆ. ಖರ್ಚು ಕಡಿಮೆ. ನಮ್ಮ ಮಕ್ಕಳಿಗೆ ನಮ್ಮ ಊರು, ನಮ್ಮ ಮುಖಗಳೇ ಕಾಣಬೇಕು. ನಮ್ಮ ಕಲಾವಿದರಿಗೆ ನಾಲ್ಕು ಕಾಸು ಸಿಗಬೇಕು. ಒಂದೊಂದೂ ಒಳ್ಳೆಯ ಕಾರಣವೇ, ಹೇಳುವವರೂ ಒಳ್ಳೆಯವರೇ. ಸಾಲ ಮಾಡಿ ಮಕ್ಕಳ ಪುಸ್ತಕ ಹಾಕುವವರ ಮೇಲೆ ನನಗೆ ಗೌರವ ಇಲ್ಲದಿದ್ದರೆ ಈ ಕಸುಬಿನಲ್ಲಿ ಉಳಿಯುತ್ತಲೇ ಇರಲಿಲ್ಲ. ಆದರೆ ಆ ಕೋರಿಕೆಯನ್ನು ಕೇಳಿದಾಗಲೆಲ್ಲ ತಲೆ ಬಿಸಿಯಾಗುತ್ತದೆ. ಅವರು ಕೇಳುತ್ತಿರುವ ‘ಪಠ್ಯ’ ಅನ್ನುವ ವಸ್ತು ಎಷ್ಟೋ ಪುಸ್ತಕಗಳಲ್ಲಿ ಬೇರೆಯಾಗಿ ಇರುವುದೇ ಇಲ್ಲ.

ಒಂದೇ ಪುಸ್ತಕ ಹಿಡಿದು ವಿವರವಾಗಿ ಹೇಳುತ್ತೇನೆ. ‘ದಾಕಿ ನಿಂಗೇಂ ಪಾಸಾ!’ (ಇಲ್ಲಿಂದಾಚೆ ಯಾರೂ ಹೋಗುವಂತಿಲ್ಲ), 2014ರಲ್ಲಿ ಬಂದದ್ದು. ಮಾತು ಇಸಬೆಲ್ ಮಿನ್ಯೋಸ್ ಮಾರ್ತಿನ್ಸ್ ಅವರದು, ಚಿತ್ರ ಬೆರ್ನಾರ್ದೊ ಕಾರ್ವಾಲ್ಯೊ ಅವರದು. ಪುಸ್ತಕ ತೆರೆದರೆ ಬಲಪುಟ ಖಾಲಿ. ಎಡಪುಟದಲ್ಲಿ ಒಬ್ಬ ಕಾವಲುಗಾರ ನಿಂತಿದ್ದಾನೆ. ಜನರಲ್ ಸಾಹೇಬರು ತಮಗೆ ಬೇಕೆನಿಸಿದಾಗ ಕಥೆಯೊಳಗೆ ಬರಲಿಕ್ಕೆಂದು ಬಲಪುಟವನ್ನು ತಮಗೇ ಕಾದಿರಿಸಿಕೊಂಡಿದ್ದಾರೆ. ಹಾಗಾಗಿ ಯಾರೂ ಆಚೆ ದಾಟುವಂತಿಲ್ಲ. ಒಂದೊಂದು ಹಾಳೆ ತಿರುವಿದಂತೆಯೂ ಎಡಗಡೆ ಜನ ಸೇರುತ್ತಾ ಹೋಗುತ್ತಾರೆ, ಉಸಿರಾಡಲು ಜಾಗವಿಲ್ಲದಷ್ಟು. ಬಲಗಡೆ ಬಿಳಿ ಹಾಗೇ ಉಳಿದಿರುತ್ತದೆ. ಕೊನೆಗೆ ಇಬ್ಬರು ಹುಡುಗರ ಚೆಂಡು ಪುಟಿದು ಆಚೆ ಹೋಗುತ್ತದೆ. ಚೆಂಡು ತರೋದಕ್ಕೆ ಮಾತ್ರ ಅಂತ ಕಾವಲುಗಾರ ಬಿಡುತ್ತಾನೆ. ಅಷ್ಟೇ, ಇಡೀ ಜನ ನುಗ್ಗುತ್ತಾರೆ.

ಈಗ ಇದರ ಪಠ್ಯ ಮಾತ್ರ ಕೊಡಿ ಅಂದರೆ ನಾನು ಏನು ಕೊಡಲಿ? ಗುಂಪಿನವರ ಬಾಯಲ್ಲಿ ಬರುವ ಚೂರುಪಾರು ಮಾತುಗಳನ್ನು ಒಂದು ಹಾಳೆಯಲ್ಲಿ ಟೈಪ್ ಮಾಡಿ ಕೊಡಬಹುದು. ಅದರಲ್ಲಿ ‘ಆಚೆ’ ಅಂದರೆ ಎಲ್ಲಿ? ಬಲಪುಟ. ಗಡಿ ಎಲ್ಲಿದೆ? ಪುಸ್ತಕದ ನಡುಮಡಿಕೆಯಲ್ಲಿ, ಹೊಲಿಗೆ ಬೀಳುವ ಜಾಗದಲ್ಲಿ. ಆ ಗಡಿಯನ್ನು ಯಾರೂ ಬರೆದಿಲ್ಲ, ಪುಸ್ತಕ ಅನ್ನುವ ವಸ್ತುವಿನಲ್ಲೇ ಅದು ಇದೆ. ಹೊಸ ಕಲಾವಿದರು ಎಷ್ಟೇ ಪ್ರತಿಭಾವಂತರಾಗಿದ್ದರೂ ಒಂದೋ ಕಾರ್ವಾಲ್ಯೊ ಮಾಡಿದ್ದನ್ನೇ ಮತ್ತೆ ಮಾಡಬೇಕು, ಅದು ನಕಲು; ಇಲ್ಲವೇ ಬೇರೆ ಏನೋ ಮಾಡಬೇಕು, ಆಗ ಕಥೆಯೇ ಇರುವುದಿಲ್ಲ.

ಒಬ್ಬ ಪ್ರಕಾಶಕರು ಚಿತ್ರಗಳ ಸಮೇತವೇ ತೆಗೆದುಕೊಳ್ಳಲು ಒಪ್ಪಿದ್ದರು. ಎರಡು ದಿನ ಬಿಟ್ಟು ಫೋನ್ ಮಾಡಿ, “ಖಾಲಿ ಪುಟ ಯಾಕೆ ಬಿಡಬೇಕು ಮೇಡಂ? ಕಾಗದದ ರೇಟು ನಿಮಗೆ ಗೊತ್ತೇ ಇದೆ. ಅಲ್ಲಿ ಪ್ರಶ್ನೋತ್ತರ, ಪದಗಳ ಅರ್ಥ ಹಾಕಿಬಿಡೋಣ” ಅಂದರು. ಆ ಪುಟ ಯಾರದು ಅನ್ನುವುದೇ ಕಥೆ ಎಂದು ಅವರಿಗೆ ಅರ್ಧ ಗಂಟೆ ಹೇಳಿದೆ. ಪೋರ್ಚುಗಲ್ 1974ರ ಏಪ್ರಿಲ್ 25ರವರೆಗೆ ಸರ್ವಾಧಿಕಾರದಲ್ಲಿ ಬದುಕಿದ ದೇಶ. ಅದನ್ನು ಉರುಳಿಸಿದವರು ಸೇನೆಯ ಕೆಳಹಂತದ ಅಧಿಕಾರಿಗಳು. ಅಂಥ ನಾಡಿನಲ್ಲಿ ಜನರಲ್ ಕಾದಿರಿಸಿಕೊಂಡ ಬಿಳಿ ಪುಟಕ್ಕೆ ತೂಕವಿದೆ ಅನ್ನುವುದು ನನ್ನ ಓದು. ಮಗುವಿಗೆ ಆ ಇತಿಹಾಸ ಬೇಕಾಗಿಲ್ಲ. ಬೆಂಚಿನ ಒಂದು ತುದಿಯಲ್ಲಿ ಒತ್ತಿಕೊಂಡು ಕೂತು, ಇನ್ನೊಂದು ತುದಿ ಯಾರಿಗೋ ಕಾದಿರಿಸಿದ್ದನ್ನು ನೋಡಿದ ಯಾವ ಮಗುವಿಗೂ ಇದು ಅರ್ಥವಾಗುತ್ತದೆ.

ಇಂಥ ಪುಸ್ತಕ ಹೇಗೆ ಹುಟ್ಟುತ್ತದೆ ಅನ್ನುವುದನ್ನೂ ನೋಡಬೇಕು. ಇದನ್ನು ಹೊರತಂದ ಪ್ಲಾನೇತಾ ತಂಜೆರೀನಾ ಲಿಸ್ಬನ್ ಪಕ್ಕದ ಕಾರ್ಕವೇಲುಶ್ ಊರಿನದು, 1999ರಲ್ಲಿ ಶುರುವಾದದ್ದು. ಬರೆಯುವವರು, ಚಿತ್ರ ಬಿಡಿಸುವವರು ಸೇರಿ ಕಟ್ಟಿದ ಮನೆ ಅದು. ಇಸಬೆಲ್, ಬೆರ್ನಾರ್ದೊ ಇಬ್ಬರೂ ಅದರ ಸ್ಥಾಪಕರ ಸಾಲಿನವರು. 2013ರಲ್ಲಿ ಇಟಲಿಯ ಬೊಲೊನ್ಯಾ ಮಕ್ಕಳ ಪುಸ್ತಕ ಮೇಳ ಯುರೋಪಿನ ಅತ್ಯುತ್ತಮ ಮಕ್ಕಳ ಪ್ರಕಾಶನ ಎಂದು ಇವರಿಗೇ ಪ್ರಶಸ್ತಿ ಕೊಟ್ಟಿತು. ಲೇಖಕರು ಹಸ್ತಪ್ರತಿ ಕಳಿಸಿ, ಸಂಪಾದಕರು ತಿದ್ದಿ, ಕೊನೆಗೆ ‘ಎಂಟು ಚಿತ್ರ ಬೇಕು’ ಅಂತ ಕಲಾವಿದರಿಗೆ ಫೋನ್ ಹೋಗುವ ನಮ್ಮ ಪದ್ಧತಿಯನ್ನೇ ಅಲ್ಲಿಯೂ ಊಹಿಸಿಕೊಂಡರೆ ಎಲ್ಲವೂ ತಪ್ಪುತ್ತದೆ.

ಇದು ಇತ್ತೀಚಿನ ಫ್ಯಾಶನ್ ಅಂದುಕೊಳ್ಳುವವರಿಗೆ ಬ್ರೆಜಿಲ್‌ನ ಜಿರಾಲ್ದೊ ಅವರ ‘ಫ್ಲಿಕ್ಟ್ಸ್’ ತೋರಿಸುತ್ತೇನೆ. 1969ರ ಪುಸ್ತಕ. ಫ್ಲಿಕ್ಟ್ಸ್ ಒಂದು ಬಣ್ಣ. ಕಾಮನಬಿಲ್ಲಿನಲ್ಲಾಗಲಿ, ಬಾವುಟಗಳಲ್ಲಾಗಲಿ, ಬಣ್ಣದ ಡಬ್ಬಿಯಲ್ಲಾಗಲಿ ಅದಕ್ಕೆ ಜಾಗವಿಲ್ಲ. ಅಲೆದಲೆದು ಕೊನೆಗೆ ಅದು ಸೇರುವುದು ಚಂದ್ರನನ್ನು. ಚಂದ್ರನ ಮೇಲೆ ನಡೆದು ಬಂದ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರ ಫ್ಲಿಕ್ಟ್ಸ್ ಬಣ್ಣದ್ದೇ ಎಂದು ಕೈಯಾರೆ ಬರೆದುಕೊಟ್ಟಿದ್ದಾರೆ. ಬಣ್ಣವೇ ಕಥಾನಾಯಕ. ಇದನ್ನೂ ಕಪ್ಪುಬಿಳುಪಿನಲ್ಲಿ ಹಾಕಬಹುದೇ ಎಂದು ನನ್ನನ್ನು ಕೇಳಿದವರಿದ್ದಾರೆ.

‘ನಮ್ಮ ಮಕ್ಕಳಿಗೆ ನಮ್ಮ ಊರು’ ಅನ್ನುವ ವಾದಕ್ಕೆ ಒಟಾವಿಯೊ ಜೂನಿಯರ್ ಅವರ ‘ದ ಮಿನ್ಯಾ ಜನೇಲಾ’ (ನನ್ನ ಕಿಟಕಿಯಿಂದ) ಉತ್ತರ. ಬ್ರೆಜಿಲ್‌ನ ರಿಯೊ ನಗರದ ಫವೇಲಾದಲ್ಲಿ, ಅಂದರೆ ಬಡವರ ಕೇರಿಯಲ್ಲಿ ಬೆಳೆದು, ಅಲ್ಲೇ ಮಕ್ಕಳ ಕೈಗೆ ಪುಸ್ತಕ ಮುಟ್ಟಿಸಲು ದುಡಿದವರು ಅವರು. ಕಿಟಕಿಯಿಂದ ಕಾಣುವುದನ್ನು ಹೇಳುವ ಈ ಪುಸ್ತಕಕ್ಕೆ ವನೀನಾ ಸ್ಟಾರ್ಕಾಫ್ ಚಿತ್ರ ಬರೆದರು. 2020ರಲ್ಲಿ ಬ್ರೆಜಿಲ್‌ನ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಜಬುತಿ ಮಕ್ಕಳ ವಿಭಾಗದಲ್ಲಿ ಬಂತು. ಆ ಕಿಟಕಿಯ ಆಚೆ ನಮ್ಮ ಬೀದಿ ಬರೆಸಿದರೆ ರಿಯೊದ ಹುಡುಗನ ಕಣ್ಣನ್ನು ಮುಚ್ಚಿದಂತಾಯಿತು. ನಮ್ಮ ಬೀದಿಯ ಪುಸ್ತಕ ಖಂಡಿತ ಬೇಕು. ಅದನ್ನು ನಮ್ಮ ಲೇಖಕರ ಹತ್ತಿರ ಬರೆಸಿ, ಅವರಿಗೆ ಸಂಭಾವನೆ ಕೊಡಿ. ಒಟಾವಿಯೊ ಹೆಸರಿನಲ್ಲಿ ಬೇಡ.

ಹಾಗಾದರೆ ಚಿತ್ರ ಬದಲಾಯಿಸಲೇಬಾರದೇ? ಹಾಗಲ್ಲ. ಯಕ್ಷಗಾನದಲ್ಲಿ ವೇಷ, ಕುಣಿತ ಬಿಟ್ಟು ಬರೀ ಮಾತು ಹಾಡಿನಲ್ಲೇ ನಿಲ್ಲುವ ತಾಳಮದ್ದಳೆ ಇದೆಯಲ್ಲ, ಅಂಥ ಪುಸ್ತಕಗಳೂ ಇವೆ. ಮೊಜಾಂಬಿಕ್‌ನ ಮಿಯಾ ಕೋತೊ ಅವರ ‘ಊ ಗಾತು ಇ ಊ ಇಶ್ಕೂರು’ (ಬೆಕ್ಕು ಮತ್ತು ಕತ್ತಲು) ಕಥೆಗೆ ಪೋರ್ಚುಗಲ್ ಆವೃತ್ತಿಯಲ್ಲಿ ದಾನುತಾ ವೊಯ್ಚೆಹೊವ್‌ಸ್ಕಾ ಚಿತ್ರ ಬರೆದರೆ, ಬ್ರೆಜಿಲ್ ಆವೃತ್ತಿಗೆ ಮರಿಲ್ದಾ ಕಸ್ತಾನ್ಯಾ ಬರೆದರು. ಕಥೆ ಎರಡರಲ್ಲೂ ನಿಂತಿದೆ. ಬ್ರೆಜಿಲ್‌ನ ಲಿಜಿಯಾ ಬೊಜುಂಗಾ (ಮಕ್ಕಳ ಸಾಹಿತ್ಯದ ಅಂತರರಾಷ್ಟ್ರೀಯ ಪ್ರಶಸ್ತಿಯಾದ ಆಂಡರ್ಸನ್ ಪ್ರಶಸ್ತಿಯನ್ನು 1982ರಲ್ಲಿ ಪಡೆದವರು) ಬರೆದ ‘ಹಳದಿ ಚೀಲ’ದಲ್ಲಿ ತನ್ನ ಆಸೆಗಳನ್ನು ಚೀಲದೊಳಗೆ ಬಚ್ಚಿಡುವ ಹುಡುಗಿಗೆ ಮಾತಿನ ಬಲವೇ ಸಾಕು. ಅಂಗೋಲಾದ ಒಂಜಾಕಿ ಹದಿಹರೆಯದವರಿಗೆ ಬರೆದ, ಅಲ್ಲಿನ ರಾಜಧಾನಿ ಲುವಾಂಡದ ಕಥೆಗಳೂ ಅಷ್ಟೇ. ಇಂಥವಕ್ಕೆ ಪಠ್ಯದ ಹಕ್ಕು ಮಾತ್ರ ಕೇಳಿದರೆ ನಾನು ಸಂತೋಷದಿಂದ ಪತ್ರ ಬರೆಯುತ್ತೇನೆ. ಸಾಮಾನ್ಯವಾಗಿ ಒಪ್ಪುತ್ತಾರೆ, ಆದರೂ ಖಾತರಿ ಕೊಡಲಾರೆ. ಒಪ್ಪಂದ ಒಂದೊಂದು ಪುಸ್ತಕಕ್ಕೂ ಬೇರೆ.

ಯಾವ ಪುಸ್ತಕ ಯಾವ ಜಾತಿಯದು ಅಂತ ತಿಳಿಯುವುದು ಕಷ್ಟವಲ್ಲ. ಮಾತುಗಳನ್ನಷ್ಟೇ ಕನ್ನಡಕ್ಕೆ ಮಾಡಿ, ಚಿತ್ರ ತೋರಿಸದೆ, ಎಂಟು ವರ್ಷದ ಮಗುವಿಗೆ ಓದಿ ಹೇಳಿ. ಕಥೆ ಪೂರ್ತಿ ಸಿಕ್ಕಿತೋ, ಚಿತ್ರ ಬದಲಾಯಿಸುವ ಮಾತಾಡಬಹುದು. ಮಗು “ಆಮೇಲೆ? ಯಾರು? ಎಲ್ಲಿ?” ಅಂತ ಕೇಳಿತೋ, ಉಳಿದ ಕಥೆ ಚಿತ್ರದಲ್ಲಿದೆ.

ಹದಿಹರೆಯದವರ ಪುಸ್ತಕಕ್ಕೆ ಬಂದರೆ ಇನ್ನೊಂದು ಅವಸರ. “ದೊಡ್ಡ ಮಕ್ಕಳಿಗೆ ಚಿತ್ರ ಯಾಕೆ?” ಎಂದು ಚಿತ್ರಗಳನ್ನೇ ತೆಗೆಯಲು ಹೊರಡುತ್ತಾರೆ. ಅನಾ ಪೆಸ್ಸೋವಾ ಮತ್ತು ಜೊವಾನಾ ಎಸ್ತ್ರೇಲಾ ಸೇರಿ 2019ರಲ್ಲಿ ತಂದ ‘ಆಕಿ ಎ ಉಂ ಬೊಂ ಲುಗಾರ್’ (ಇದು ಒಳ್ಳೆಯ ಜಾಗ) ಹುಡುಗಿಯೊಬ್ಬಳ ದಿನಚರಿ. ಆ ನೋಟ್‌ಬುಕ್‌ನಲ್ಲಿ ಅವಳು ಬರೆಯುತ್ತಾಳೆ, ಗೀಚುತ್ತಾಳೆ. ಗೀಚಿದ್ದನ್ನು ತೆಗೆದರೆ ಹುಡುಗಿಯೇ ಅರ್ಧ ಹೋದಳು.

ಒಪ್ಪಂದದ ವಿಷಯ. ಇಂಥ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರೆದವರು, ಚಿತ್ರಿಸಿದವರು ಇಬ್ಬರೂ ಹಕ್ಕುದಾರರು. ಚಿತ್ರ ಕತ್ತರಿಸುವುದು, ತಿರುಗಿಸುವುದು, ಬಣ್ಣ ಬದಲಿಸುವುದು ಕೇಳದೆ ಮಾಡುವಂತಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಕೂಡ ಕೃತಿಯನ್ನು ವಿರೂಪಗೊಳಿಸುವುದರ ವಿರುದ್ಧ ಕರ್ತೃವಿಗೆ ಹಕ್ಕು ಕೊಡುತ್ತದೆ. ನಾನು ವಕೀಲಳಲ್ಲ, ಸಹಿ ಹಾಕುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ. ಖರ್ಚಿನ ಚಿಂತೆಗೆ ದಾರಿಯಿದೆ. ಪೋರ್ಚುಗಲ್ ಸರ್ಕಾರದ ಪುಸ್ತಕ ಇಲಾಖೆ, ಬ್ರೆಜಿಲ್‌ನ ರಾಷ್ಟ್ರೀಯ ಗ್ರಂಥಾಲಯ ಪ್ರತಿಷ್ಠಾನ ಎರಡೂ ವಿದೇಶಿ ಪ್ರಕಾಶಕರಿಗೆ ಅನುವಾದದ ನೆರವು ಕೊಡುತ್ತವೆ. ನಿಯಮ ಬದಲಾಗುತ್ತಿರುತ್ತದೆ, ಆ ವರ್ಷದ ಪ್ರಕಟಣೆ ಓದಿಯೇ ಅರ್ಜಿ ಹಾಕಿ. ಬಣ್ಣದ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚಿನ ತಗಡು, ಅಂದರೆ ಪ್ಲೇಟ್ ಇರುತ್ತದೆ; ಮೂಲದಲ್ಲಿ ಅಕ್ಷರಗಳು ಕಪ್ಪಿನಲ್ಲೇ ಇದ್ದರೆ ಕಪ್ಪಿನ ಪ್ಲೇಟ್ ಒಂದೇ ಬದಲಾದರೆ ಸಾಕು, ಬಣ್ಣದ ಮೂರು ಪ್ಲೇಟ್ ಹಾಗೇ ಇರುತ್ತವೆ. ಬೇರೆ ಭಾಷೆಯವರ ಜೊತೆ ಒಟ್ಟಿಗೆ ಅಚ್ಚು ಹಾಕಿಸಿದರೆ ತಲಾ ಖರ್ಚು ಇಳಿಯುತ್ತದೆ.

ನಮ್ಮ ಕಲಾವಿದರಿಗೂ ಇಲ್ಲಿ ನಿಜವಾದ ಕೆಲಸ ಇದೆ. ಹಲವು ಪುಸ್ತಕಗಳಲ್ಲಿ ಅಕ್ಷರವೂ ಚಿತ್ರಕಾರರ ಕೈಬರಹವೇ. ಅದನ್ನು ಡಿಟಿಪಿ ಫಾಂಟಿನಲ್ಲಿ ಕೂರಿಸಿದರೆ ಪುಟ ಸತ್ತುಹೋಗುತ್ತದೆ. ಒತ್ತಕ್ಷರ ಕೆಳಗಿಳಿದು, ಗುಡಿಸು ಮೇಲೇರಿ, ಆ ಪುಟ್ಟ ಜಾಗದಲ್ಲಿ ಕನ್ನಡ ಉಸಿರಾಡುವಂತೆ ಕೈಯಿಂದ ಬರೆಯಬಲ್ಲವರು ಬೇಕು. ಅವರ ಹೆಸರು ಒಳಪುಟದಲ್ಲಿ ಅಚ್ಚಾಗಬೇಕು, ಸಂಭಾವನೆ ಮೊದಲೇ ಲೆಕ್ಕದಲ್ಲಿ ಇರಬೇಕು. ಇದಕ್ಕೆ ಪ್ರಕಾಶಕರು ಒಪ್ಪಿದ ಮೇಲೆಯೇ ನಾನು ಲಿಸ್ಬನ್‌ಗೆ ಮೇಲ್ ಬರೆಯುವುದು.